ಹಳೇ ಮಹಕಮಾದ ಹಂಚು

ನಮ್ಮ ಮನೆಗೆ ಮೊದಲ ಸಲ ಬರುವವರಿಗೆ ನಾನು ಫೋನಿನಲ್ಲಿ ಹೇಳುವ ಮಾತು ಇಪ್ಪತ್ತಾರು ವರ್ಷಗಳಿಂದ ಬದಲಾಗಿಲ್ಲ, ನಡುವೆ 'ಹಳೇ' ಎಂಬುದೊಂದು ಸೇರಿದ್ದು ಬಿಟ್ಟರೆ. ಸೂಕಿನ ಒಳಗೆ ಬನ್ನಿ, ಹಲ್ವ ಕಾಯಿಸುವ ಅಂಗಡಿ ಸಿಗುತ್ತದೆ, ಅಲ್ಲಿ ನಿಂತು ಬಲಕ್ಕೆ ನೋಡಿದರೆ ಹಳೇ ಮಹಕಮಾ, ಅದರ ಬೆನ್ನಿಗೇ ನಮ್ಮ ಬಿಲ್ಡಿಂಗು. ಸೂಕ್ ಎಂದರೆ ಇಲ್ಲಿಯ ಅರಬಿಯಲ್ಲಿ ಪೇಟೆ, ಮಹಕಮಾ ಎಂದರೆ ಕೋರ್ಟು. ಒಮಾನಿನ ಈ ಕಡೆಯ ಊರುಗಳಲ್ಲಿ ಬೀದಿಗೆ ಹೆಸರು, ಮನೆಗೆ ನಂಬರು ಎಲ್ಲ ಈಚೆಗೆ ಬಂದಿವೆ. ಅವುಗಳನ್ನು ಓದಿಕೊಂಡು ಮನೆ ಹುಡುಕಿದವರನ್ನು ನಾನಿನ್ನೂ ಕಂಡಿಲ್ಲ. ನನ್ನ ವಿವರಣೆ ಶುರುವಾದ ಕೂಡಲೇ ಮಗಳು "ಡ್ಯಾಡ್, ಜಸ್ಟ್ ಸೆಂಡ್ ದ ಲೊಕೇಶನ್" ಎಂದು ಮುಖ ತಿರುಗಿಸುತ್ತಾಳೆ. ಹೆಂಡತಿಯ ತಕರಾರು ಬೇರೆ. ಯಾರು ಕೇಳಿದರೂ ಕೋರ್ಟಿನ ಹಿಂದೆ, ಕೋರ್ಟಿನ ಹಿಂದೆ ಎನ್ನುವ ಗಂಡಸನ್ನು ಜನ ಜಾಮೀನಿನ ಮೇಲೆ ಹೊರಗಿರುವವನು ಎಂದುಕೊಳ್ಳುತ್ತಾರೆ ಎಂಬುದು ಅವಳ ಹೆದರಿಕೆ.

ಊರಿನ ಹೆಸರು ಹೇಳುವುದಿಲ್ಲ. ರುಸ್ತಾಕ್ ದಾಟಿ ಬೆಟ್ಟದ ಬುಡದ ಕಡೆಗೆ ಬರಬೇಕು ಎಂದರೆ ಸಾಕು. ಹೆಸರು ಹೇಳಿದರೆ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಯಾರೆಂದು ನಿಮಗೆ ತಿಳಿದುಬಿಡುತ್ತದೆ. ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಆಡುವ ಅಂದಾಜು ನನಗಿಲ್ಲ.

ಕಟ್ಟಡದ ವಿಷಯಕ್ಕೆ ಬರುತ್ತೇನೆ. ಎರಡು ಅಂತಸ್ತು, ಮುಂದೆ ಐದು ಕಮಾನು, ತಲೆಯ ಮೇಲೆ ಕೋಟೆಯ ಹಾಗೆ ಹಲ್ಲು ಹಲ್ಲಾದ ಗೋಡೆ, ಕಬ್ಬಿಣದ ಮೊಳೆ ಬಡಿದ ಭಾರೀ ಬಾಗಿಲು. ನೋಡಿದರೆ ಯಾರಿಗೂ ಗೌರವ ಬರಬೇಕು, ಅದಕ್ಕೆಂದೇ ಹಾಗೆ ಕಟ್ಟಿದ್ದು. ಶುಕ್ರವಾರ ಮಸ್ಕತ್ತಿನಿಂದ ಕಾರು ಮಾಡಿಕೊಂಡು ಬರುವವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾಲ್ಕುನೂರು ವರ್ಷದ್ದಂತೆ, ಪೋರ್ಚುಗೀಸರದ್ದಂತೆ, ಒಳಗೆ ಸುರಂಗ ಇದೆಯಂತೆ. ಒಮಾನಿನಲ್ಲಿ ಹಳೆಯದಾಗಿ ಕಾಣುವುದೆಲ್ಲ ಪೋರ್ಚುಗೀಸರದ್ದು. ಅವರು ಇಷ್ಟು ಕಟ್ಟಡ ಕಟ್ಟುತ್ತ ಕೂತಿದ್ದರೆ ಹಡಗು ಹತ್ತುವುದಕ್ಕೆ ಪುರುಸೊತ್ತು ಎಲ್ಲಿ ಸಿಕ್ಕಿತೋ ಗೊತ್ತಿಲ್ಲ.

ನಿಜ ಏನೆಂದರೆ ಆ ಕಟ್ಟಡ ನನಗಿಂತ ಐದಾರು ವರ್ಷ ಚಿಕ್ಕದು. ನನಗೆ ಈಗ ಐವತ್ತೆಂಟು. ಈ ಮಾತು ಹೇಳಿದವನು ಅಲ್ಲಿಯ ಕಾವಲುಗಾರ ಸಾಲಿಂ. ಗೋಡೆ ಏಳುವಾಗ ಹದಿನೇಳರ ಪ್ರಾಯದಲ್ಲಿ ತಲೆಯ ಮೇಲೆ ಸಿಮೆಂಟು ಹೊತ್ತವನು, ಈಗ ಅದೇ ಗೋಡೆಗೆ ಒರಗಿ ಕೂತು ಸಂಬಳ ತೆಗೆದುಕೊಳ್ಳುತ್ತಾನೆ. ಅದಕ್ಕೂ ಮೊದಲು ಕೋರ್ಟಿಗೆ ಕಟ್ಟಡವೇ ಇರಲಿಲ್ಲವಂತೆ. ಕೋಟೆಯ ಬಾಗಿಲಿನ ಜಗಲಿಯಲ್ಲಿ ಖಾಜಿ ಬಂದು ಕೂರುತ್ತಿದ್ದ, ಜಗಳವಾಡಿದ ಇಬ್ಬರೂ ಎದುರು ಕೂರುತ್ತಿದ್ದರು, ಮೂವರೂ ಅರಬರ ಕಾಫಿಯಾದ ಕಹ್ವ ಕುಡಿಯುತ್ತಿದ್ದರು, ಬಿಸಿಲೇರುವ ಮೊದಲು ತೀರ್ಪು ಮುಗಿಯುತ್ತಿತ್ತು. ಆಮೇಲೆ ಈ ಕಮಾನು, ಮೊಳೆ, ಬೆಂಚು ಎಲ್ಲ ಬಂದವು. ಎಂಟು ವರ್ಷದ ಹಿಂದೆ ಕೋರ್ಟು ಇಲ್ಲಿಂದಲೂ ಎದ್ದು ಹೈವೇ ಬದಿಯ ಗಾಜಿನ ಕಟ್ಟಡಕ್ಕೆ ಹೋಯಿತು. ಅಲ್ಲಿ ಟೋಕನ್ನು ಕೊಡುವ ಯಂತ್ರ ಇದೆ, ಕುಡಿಯಲು ತಣ್ಣೀರು ಇದೆ, ಬ್ಯಾಂಕೋ ಕೋರ್ಟೋ ಎಂಬ ಅನುಮಾನ ಒಳಗೆ ಹೋದ ಮೇಲೂ ಉಳಿಯುತ್ತದೆ. ಹಳೆಯದು ಪಾರಿವಾಳಗಳ ಪಾಲಾಯಿತು. ಈಗ ಯಾರೋ ಅದನ್ನು ಕಾಫಿ ಮಾರುವ ಪಾರಂಪರಿಕ ತಾಣ ಮಾಡುತ್ತಾರಂತೆ. ಕಾಫಿಯ ಮಾತು ಬಂದ ದಿನದಿಂದ ಅದರ ವಯಸ್ಸು ವಾರಕ್ಕೊಂದು ಶತಮಾನ ಏರುತ್ತಿದೆ.

ಕೋರ್ಟು ಎಂದರೆ ನನಗೆ ಚಿಕ್ಕಂದಿನಿಂದ ಗೋಳಿಬಜೆಯ ವಾಸನೆ. ನಮ್ಮದು ಅಳಿಯಸಂತಾನದ ಕುಟುಂಬ. ಅಜ್ಜಿಯ ಕಾಲದಲ್ಲಿ ಹಾಕಿದ ಪಾಲಿನ ದಾವೆ ನಾನು ಐದನೇ ಕ್ಲಾಸಿಗೆ ಬಂದಾಗಲೂ ಹೊಚ್ಚಹೊಸದಾಗಿಯೇ ಇತ್ತು. ಅದನ್ನು ನಡೆಸುತ್ತಿದ್ದವರು ಸೋದರಮಾವ. ರಜೆ ಇದ್ದರೆ ನನ್ನನ್ನೂ ಕಾರ್ಕಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬಗಲಲ್ಲಿ ಕೆಂಪು ಬಟ್ಟೆಯ ಕಟ್ಟು, ಮೈಮೇಲೆ ಇಸ್ತ್ರಿ ಹಾಕಿದ ಅಂಗಿ. ಮದುವೆಗೂ ಅವರು ಅಷ್ಟು ಚೆನ್ನಾಗಿ ಹೊರಡುತ್ತಿರಲಿಲ್ಲ. ಹನ್ನೊಂದಕ್ಕೆ ಕೂರುವ ಕೋರ್ಟಿಗೆ ನಾವು ಎಂಟೂವರೆಗೇ ಮುಟ್ಟಿ, ಗುಡಿಸುವವರು ಎಬ್ಬಿಸಿದ ಧೂಳು ಕುಡಿಯುತ್ತ ನಿಲ್ಲುತ್ತಿದ್ದೆವು. ಇಷ್ಟು ಬೇಗ ಯಾಕೆ ಎಂದು ಕೇಳಿದರೆ ಮಾವ ಬಾಗಿಲಲ್ಲಿ ನಿಂತ ಡವಾಲಿಯನ್ನು ತೋರಿಸುತ್ತಿದ್ದರು. ಅವನು ಮೂರು ಸಲ ಹೆಸರು ಕೂಗುತ್ತಾನೆ, ಮೂರನೆಯದಕ್ಕೂ ಓ ಅನ್ನದಿದ್ದರೆ ನೀನು ಸತ್ತ ಲೆಕ್ಕ, ಆಮೇಲೆ ಎದೆ ಬಡಿದುಕೊಂಡರೂ ಆಗುವುದಿಲ್ಲ ಎನ್ನುತ್ತಿದ್ದರು. ದಾವೆ ಮುಂದಕ್ಕೆ ಹೋಯಿತು ಎಂದು ಗೊತ್ತಾದ ಮೇಲೆ ಎದುರಿನ ಹೋಟೆಲಿನಲ್ಲಿ ಗೋಳಿಬಜೆ. ಗೆದ್ದರೂ ಸೋತರೂ ಗೋಳಿಬಜೆ ನಿಲ್ಲುತ್ತದಲ್ಲ ಎಂದು ನಾನು ಆ ದಾವೆ ಮುಗಿಯದಿರಲೆಂದು ದೇವರಿಗೆ ಕೈ ಮುಗಿಯುತ್ತಿದ್ದೆ. ದೇವರು ಬಹಳ ಕಾಲ ಕೇಳಿಸಿಕೊಂಡ.

ಕಳೆದ ವರ್ಷ ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿತು. ಇಪ್ಪತ್ತೈದು ತುಂಬಿದರೆ ಸ್ಮರಣ ಸಂಚಿಕೆ ಬರಲೇಬೇಕು. ಸ್ಮರಣ ಸಂಚಿಕೆ ಎಂದರೆ ಏನೆಂದು ನಿಮಗೆ ಗೊತ್ತು: ಮೊದಲ ನಲವತ್ತು ಪುಟ ದೀಪ ಹಚ್ಚುವವರ ಫೋಟೋ, ಕೊನೆಯ ನಲವತ್ತು ಪುಟ ಜಾಹೀರಾತು, ನಡುವೆ ಯಾರೂ ಓದದ ಮೂರು ಲೇಖನ. ಆ ಮೂರರಲ್ಲಿ ಒಂದನ್ನು ಬರೆಯುವ ಭಾಗ್ಯ ನನ್ನದಾಯಿತು. ನಾವು ಬಾಳುವ ಊರಿನ ಪ್ರಸಿದ್ಧ ಕಟ್ಟಡದ ಚರಿತ್ರೆ ಇದ್ದರೆ ಅರಬರಿಗೂ ಮರ್ಯಾದೆ ಕೊಟ್ಟ ಹಾಗಾಗುತ್ತದೆ, ಬೆನ್ನಿಗೇ ವಾಸವಾಗಿರುವ ನೀವೇ ಬರೆಯಬೇಕು ಎಂದು ಅಧ್ಯಕ್ಷರು ಹೇಳಿದರು. ಕೋರ್ಟಿನ ಹಿಂದೆ ಇದ್ದವನಿಗೆ ಕೋರ್ಟಿನ ಚರಿತ್ರೆ ಗೊತ್ತಿರುತ್ತದೆ ಎಂಬ ತರ್ಕದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಇದ್ದವನು ಡ್ರೈವರ್ ಆಗಬೇಕಿತ್ತು. ಆದರೂ ನಾನು ಒಪ್ಪಿದೆ. ನೀರೆತ್ತುವ ಪಂಪು ಮಾರುವ ಕಂಪೆನಿಯಲ್ಲಿ ಇಷ್ಟು ವರ್ಷ ದುಡಿದವನನ್ನು ಯಾರಾದರೂ ಲೇಖಕರೇ ಎಂದರೆ ಕಿವಿ ತಂಪಾಗುತ್ತದೆ. ಲೇಖಕರ ಫೋಟೋ ಬೇಕು ಎಂದರು. ಸ್ಟುಡಿಯೋಕ್ಕೆ ಹೋಗಿ ಗಲ್ಲಕ್ಕೆ ಕೈ ಕೊಟ್ಟು ತೆಗೆಸಿಕೊಂಡು ಬಂದೆ. ಲೇಖನದ ಮೊದಲ ಸಾಲು ಬರೆಯುವ ಎರಡು ವಾರ ಮೊದಲೇ ಫೋಟೋ ತಯಾರಿತ್ತು.

ಅಧ್ಯಕ್ಷರದ್ದು ಒಂದು ಸಿದ್ಧಾಂತವಿದೆ. ಲೋಕದಲ್ಲಿ ಎಲ್ಲಿಯೇ ಒಳ್ಳೆಯ ಕಟ್ಟಡ ಇರಲಿ, ಅದರ ಮಾಡಿನಲ್ಲಿ ಮಂಗಳೂರು ಹಂಚು ಇರುತ್ತದೆ. ಬುರೈಮಿಯ ಸಂತೆಕಟ್ಟೆಯಲ್ಲಿ ಅವರು ನೋಡಿದ್ದಾರೆ, ನಿಜ್ವಾದ ಕೋಟೆಯಲ್ಲಿ ನೋಡಿದ್ದಾರೆ, ಯಾವುದೋ ಆಫ್ರಿಕಾದ ಬಂದರಿನಲ್ಲಿ ನೋಡಿ ಕಣ್ಣೀರು ಹಾಕಿದ್ದಾರೆ. ಹಳೇ ಮಹಕಮಾದ ಚರಿತ್ರೆಯೂ ಅಲ್ಲಿಂದಲೇ ಶುರುವಾಗಬೇಕೆಂದು ಹಟ ಹಿಡಿದರು. ಅದಕ್ಕೆ ಇಳಿಜಾರು ಮಾಡೇ ಇಲ್ಲ, ಚಪ್ಪಟೆ ತಾರಸಿ, ವರ್ಷಕ್ಕೆ ನಾಲ್ಕು ಹನಿ ಮಳೆ ಬೀಳುವ ಊರಲ್ಲಿ ಯಾರು ಹಂಚು ಹಾಕುತ್ತಾರೆ ಎಂದು ನಾನು ಕೇಳಿದೆ.

"ಮೇಲೆ ಹತ್ತಿ ನೋಡಿದ್ದೀರಾ?" ಎಂದರು ಅವರು.

"ಇಲ್ಲ."

"ನೋಡದೆ ಬರೆಯುವವರಿಗೆ ಚರಿತ್ರೆಕಾರ ಅಂತ ಹೇಳುದಿಲ್ಲ ಮಾರಾಯ್ರೆ."

ಈ ಮಾತು ನನ್ನನ್ನು ತಿಂಗಳುಗಟ್ಟಲೆ ಚುಚ್ಚಿತು. ಅಧ್ಯಕ್ಷರ ಬಾಯಿಂದ ಒಂದು ಸರಿಯಾದ ಮಾತು ಬಂದುಬಿಟ್ಟಿತಲ್ಲ ಎಂಬ ಉರಿ. ಸಾಲಿಂ ಒಳಗಿನ ಬಾಗಿಲು ತೆರೆಯುವುದು ಸೋಮವಾರ ಬೆಳಿಗ್ಗೆ ಗುಡಿಸುವವರು ಬಂದಾಗ ಮಾತ್ರ. ಸಂಚಿಕೆ ಅಚ್ಚಿಗೆ ಹೋಗುವ ಮೊದಲಿನ ಸೋಮವಾರ ಏಳೂವರೆಗೆ ಅಧ್ಯಕ್ಷರು ಕ್ಯಾಮರಾ ತರುವುದೆಂದು, ನಾನು ಅವರ ಜೊತೆ ತಾರಸಿ ಹತ್ತಿ ಹಂಚಿಲ್ಲ ಎಂಬುದನ್ನು ಕಣ್ಣಾರೆ ತೋರಿಸಿ ಅವರ ಬಾಯಿ ಮುಚ್ಚಿಸುವುದೆಂದು ತೀರ್ಮಾನವಾಯಿತು.

ಅದೇ ಸೋಮವಾರ ಹನೀಫನ ಕೇಸಿತ್ತು.

ಹನೀಫ್ ವಿಟ್ಲದ ಕಡೆಯವನು, ಬ್ಯಾರಿ, ಮೂವತ್ತೊಂದು ವರ್ಷ. ತರಕಾರಿ ಪಿಕಪ್ ಓಡಿಸುತ್ತಾನೆ. ಈ ಮರಳುಗಾಡಿನಲ್ಲಿ ನಮ್ಮ ತುಳುವರ ಮನೆಗಳಲ್ಲಿ ವಾರಕ್ಕೊಮ್ಮೆ ಬಸಳೆಯ ಸಾರು ಆಗುತ್ತಿದ್ದರೆ ಅದು ಅವನ ದಯೆ. ಯಾವುದೋ ತೋಟದವನಿಗೆ ಬಳ್ಳಿ ಕೊಟ್ಟು ಬೆಳೆಸಿದ್ದಾನೆ. ಮಾತು ಕಡಿಮೆ. ಬಾಗಿಲ ಹೊರಗೆ ಕಟ್ಟು ಇಟ್ಟು, ಬೆಲ್ ಒತ್ತಿ, ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲು ಇಳಿದಿರುತ್ತಾನೆ. ಆ ಸೋಮವಾರಕ್ಕೆ ಐದು ತಿಂಗಳ ಮೊದಲು ರೌಂಡ್ ಅಬೌಟಿನಲ್ಲಿ ಅವನ ಪಿಕಪ್ ಒಬ್ಬ ಒಮಾನಿ ಮುದುಕನ ಕಾರಿಗೆ ಬಡಿದು ಮುದುಕನ ಮಣಿಗಂಟು ಮುರಿಯಿತು. ಕೈ ಗುಣವಾಯಿತು. ಮುದುಕ ಒಳ್ಳೆಯವನು, ನನ್ನದೇನೂ ದೂರಿಲ್ಲ ಎಂದು ಬರೆದೂ ಕೊಟ್ಟ. ಆದರೆ ಕೋರ್ಟಿನಲ್ಲಿ ಕೊನೆಯ ಒಂದು ಸಲ ನಿಂತು ಹೆಸರಿಗೆ ಓ ಅಂದು ಬರುವುದು ಬಾಕಿ ಇತ್ತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಪೊಲೀಸರ ಹತ್ತಿರ, ದೇಶ ಬಿಟ್ಟು ಹೋಗುವ ಹಾಗಿಲ್ಲ.

ಅವನಿಗೆ ಹೋಗಲೇಬೇಕಿತ್ತು. ಮರುಭಾನುವಾರ ತಂಗಿ ನಸೀಮಾಳ ನಿಕಾಹ್. ತಂದೆ ಇವನು ಹನ್ನೆರಡರಲ್ಲಿದ್ದಾಗಲೇ ತೀರಿಕೊಂಡವರು. ಬೇರೆ ಅಣ್ಣತಮ್ಮಂದಿರಿಲ್ಲ. ಅವಳಿಗೆ ವಲಿ ಇವನೇ, ಅಂದರೆ ತಂದೆಯ ಜಾಗದಲ್ಲಿ ನಿಂತು ಮದುಮಗನ ಕೈ ಹಿಡಿದು ಅವಳನ್ನು ಕೊಡಬೇಕಾದವನು. ಬುಧವಾರದ ವಿಮಾನಕ್ಕೆ ಟಿಕೆಟ್ ತೆಗೆದಿಟ್ಟಿದ್ದ. ಸೋಮವಾರ ಕೋರ್ಟು, ಮಂಗಳವಾರ ಕಾಗದ, ಬುಧವಾರ ಪಯಣ. ನಡುವೆ ಒಂದು ದಿನವೂ ಹೆಚ್ಚಿರಲಿಲ್ಲ.

ಕೋರ್ಟಿನ ಕೆಲಸವೆಲ್ಲ ಅರಬಿಯಲ್ಲಿ. ನಮ್ಮವರಲ್ಲಿ ಒಂದು ರೂಢಿ ಇದೆ: ಯಾರಿಗಾದರೂ ಕೇಸಿದ್ದರೆ ಅರಬಿ ಬರುವ ಹಿರಿಯನೊಬ್ಬ ಜೊತೆಗೆ ಹೋಗಬೇಕು. ಆ ಹಿರಿಯ ನಾನು. ಪಂಪು ಮಾರಿ ಕಲಿತ ಅರಬಿ ನನ್ನದು. ಅದರಲ್ಲಿ ವಾಲ್ವಿಗೆ, ಗ್ಯಾರಂಟಿಗೆ, ನಾಳೆ ಬನ್ನಿ ಎನ್ನುವುದಕ್ಕೆ ಶಬ್ದಗಳಿವೆ. ತಪ್ಪು ನನ್ನದು ಎನ್ನುವುದಕ್ಕೆ ಇಲ್ಲ, ವ್ಯಾಪಾರದಲ್ಲಿ ಅದರ ಅಗತ್ಯ ಬಿದ್ದಿರಲಿಲ್ಲ. ಹನೀಫ್ ಬಂದು, "ಅಣ್ಣ, ಒಂಬತ್ತಕ್ಕೆ ಅಂತ ಮೆಸೇಜ್ ಬಂದಿದೆ, ನೀವೊಮ್ಮೆ ಬರ್ಬಹುದಾ" ಎಂದು ಕೇಳಿದಾಗ ನಾನು ಡೇಟು ನೋಡಿ, ಧಾರಾಳವಾಗಿ ಬರುತ್ತೇನೆ, ಏಳೂವರೆಗೆ ಹಳೇ ಮಹಕಮಾದಲ್ಲಿ ಹತ್ತು ನಿಮಿಷದ ಕೆಲಸವಿದೆ, ಮುಗಿಸಿಕೊಂಡು ನನ್ನ ಕಾರಲ್ಲೇ ಹೋಗೋಣ ಎಂದೆ. ಹೊಸ ಕೋರ್ಟಿಗೆ ಅಲ್ಲಿಂದ ಇಪ್ಪತ್ತೈದು ನಿಮಿಷ.

ಆ ಬೆಳಿಗ್ಗೆ ಅವನು ಬಿಳಿ ಅಂಗಿ ಹಾಕಿ, ಕಾಗದದ ಪ್ಲಾಸ್ಟಿಕ್ ಕವರು ಹಿಡಿದು ಏಳು ಗಂಟೆಗೇ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿದ್ದ. ತುಟಿ ಏನೋ ಗೊಣಗುತ್ತಿತ್ತು. ಜಡ್ಜಿಯ ಮುಂದೆ ಹೇಳುವುದನ್ನು ಬಾಯಿಪಾಠ ಮಾಡುತ್ತಿದ್ದಾನೆ ಎಂದುಕೊಂಡು, "ಅಷ್ಟೆಲ್ಲ ಕಲೀಬೇಕಾಗಿಲ್ಲ ಮಾರಾಯ, ನಾನಿದ್ದೇನಲ್ಲ" ಎಂದೆ. ಅವನು ನಾಚಿಕೊಂಡು ನಿಲ್ಲಿಸಿದ.

ಅಧ್ಯಕ್ಷರು ಬಂದದ್ದು ಎಂಟು ಗಂಟೆಗೆ. ಜುಬ್ಬಾ, ಶಲ್ಯ, ಎರಡು ಕ್ಯಾಮರಾ. ಬಾಗಿಲ ಮುಂದೆ ಹತ್ತು ಫೋಟೋ ಆದವು, ಹತ್ತರಲ್ಲೂ ಬಾಗಿಲಿಗಿಂತ ಅಧ್ಯಕ್ಷರು ಅಗಲ. ಆಮೇಲೆ ತಾರಸಿಗೆ ಹತ್ತಿದೆವು. ಹತ್ತುತ್ತಲೇ ನಾನು ಎರಡೂ ಕೈ ಚಾಚಿ, ನೋಡಿ, ಎಲ್ಲಿದೆ ಹಂಚು, ಕಣ್ಣು ತುಂಬ ನೋಡಿ ಎಂದೆ. ಸುತ್ತ ಪಾರಿವಾಳದ ಹಿಕ್ಕೆ, ತುಕ್ಕು ಹಿಡಿದ ಎಸಿ ಡಬ್ಬಗಳು, ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು. ಅಧ್ಯಕ್ಷರು ಆ ಟ್ಯಾಂಕಿನ ಕಡೆ ನಡೆದರು, ಬಗ್ಗಿದರು, ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖದಲ್ಲಿ ದೇವರು ಕಂಡವರ ಕಳೆ.

ಟ್ಯಾಂಕಿನ ಒಂದು ಕಾಲು ಗಿಡ್ಡವಾಗಿತ್ತು. ಅದು ಅಲುಗದ ಹಾಗೆ ಯಾರೋ ಅಡಿಗೆ ಕೊಟ್ಟದ್ದು ಒಂದು ಕೆಂಪು ಹಂಚಿನ ಚೂರು. ಅದರ ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ ಮಂಗಳೂರಿನ ಮೊದಲ ಮೂರು ಅಕ್ಷರ.

ಮುಂದಿನದನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ, ಆದರೆ ಹೇಳುತ್ತೇನೆ. ಅಧ್ಯಕ್ಷರು ಆ ಚೂರಿನ ಮುಂದೆ ಕೈ ಮುಗಿದರು. ಇದು ಮಾಡಿನ ಹಂಚಿನ ಅವಶೇಷ, ಮೂಲ ಕಟ್ಟಡಕ್ಕೆ ಮಾಡು ಇತ್ತು ಎಂಬುದಕ್ಕೆ ಸಾಕ್ಷಿ ಎಂದರು. ನಾನು ಕೆರಳಿದೆ. ಸಾಲಿಂನನ್ನು ಮೇಲೆ ಕರೆಸಿದೆ. ಅವನು ಹಿಂದಿಯಲ್ಲಿ, ಇದನ್ನು ಟ್ಯಾಂಕು ಕೂರಿಸಿದ ಪ್ಲಂಬರ್ ತಂದದ್ದು, ಅವನು ಎಲ್ಲಿಂದ ತಂದನೋ ದೇವರಿಗೇ ಗೊತ್ತು ಎಂದ. ಅಧ್ಯಕ್ಷರು, ಆ ಪ್ಲಂಬರ್ ನಮ್ಮವನೇ ಇರಬೇಕು, ಅಂದರೆ ಚರಿತ್ರೆ ಇನ್ನೂ ಗಟ್ಟಿಯಾಯಿತು ಎಂದರು. ನಾನು ಟ್ಯಾಂಕಿನ ತಯಾರಿಕೆಯ ವರ್ಷ ಹುಡುಕಿದೆ. ಹಂಚಿನ ದಪ್ಪ ಅಳೆದೆ. ತಾರಸಿಯ ಅಂಚಿನಲ್ಲಿ ಮಾಡಿನ ತೊಲೆ ಕೂರುವ ಗುಳಿಗಳಿಲ್ಲ ಎಂಬುದನ್ನು ನಾಲ್ಕೂ ಬದಿ ನಡೆದು ತೋರಿಸಿದೆ. ಇಬ್ಬರು ಐವತ್ತು ದಾಟಿದ ಗಂಡಸರು ಪರದೇಶದ ತಾರಸಿಯ ಮೇಲೆ ಬಿಸಿಲಲ್ಲಿ ನಿಂತು ಅಂಗೈಯಷ್ಟು ಹಂಚಿಗಾಗಿ ಬೆವರು ಸುರಿಸಿದೆವು. ಬೆಳಿಗ್ಗೆ ಗುಡಿಸಲು ಬಂದವರು ಪೊರಕೆ ನಿಲ್ಲಿಸಿ ನೋಡಿದರು.

ಹನೀಫ್ ಮೆಟ್ಟಿಲಿನ ಬಾಯಲ್ಲಿ ನಿಂತಿದ್ದ. ಒಮ್ಮೆ, "ಅಣ್ಣ, ಟೈಮ್ ಆಯ್ತಲ್ಲ" ಎಂದ. ಎಂಟೂ ಇಪ್ಪತ್ತಾಗಿತ್ತು. ಈಗ ಬಂದೆ ಎಂದೆ. ಇನ್ನೊಮ್ಮೆ ಕರೆದಾಗ ಒಂಬತ್ತಕ್ಕೆ ಹತ್ತು ನಿಮಿಷ. ನಾನು ತಿರುಗಿಯೂ ನೋಡದೆ, "ಒಂಬತ್ತು ಅಂತ ಹೇಳಿದ್ರೆ ಇಲ್ಲಿ ಹತ್ತಕ್ಕೆ ಮೊದಲು ಯಾರನ್ನೂ ಕರೆಯುದಿಲ್ಲ. ಇಪ್ಪತ್ತಾರು ವರ್ಷದಿಂದ ನೋಡ್ತಾ ಇದ್ದೇನೆ" ಎಂದೆ. ಕಾರ್ಕಳದಲ್ಲಿ ಎರಡೂವರೆ ಗಂಟೆ ಮೊದಲೇ ಧೂಳು ಕುಡಿದು ನಿಂತಿದ್ದ ಮಾವನ ಅಳಿಯ ಹೇಳಿದ ಮಾತು ಇದು. ಹನೀಫ್ ಕವರನ್ನು ಇನ್ನೊಂದು ಕೈಗೆ ಬದಲಿಸಿದ. ಅವನು ನನಗೆ ಕೊಡುತ್ತಿದ್ದ ಮರ್ಯಾದೆ ಸ್ವಲ್ಪ ಕಡಿಮೆ ಇದ್ದಿದ್ದರೆ, ಯಾವುದಾದರೂ ಟ್ಯಾಕ್ಸಿ ಹಿಡಿದು ಹೋಗಿ ಬದುಕಿಕೊಳ್ಳುತ್ತಿದ್ದ.

ಹೊಸ ಕೋರ್ಟಿನ ಬಾಗಿಲಲ್ಲಿ ನಾವಿಳಿದಾಗ ಒಂಬತ್ತೂ ಇಪ್ಪತ್ತೈದು. ಅವನ ಹೆಸರು ಅಂದಿನ ಪಟ್ಟಿಯಲ್ಲಿ ಮೊದಲನೆಯದು. ಒಂಬತ್ತಕ್ಕೆ ಸರಿಯಾಗಿ ಕರೆದಿದ್ದರು. ಮೂರು ಸಲ ಕರೆದರೋ ಒಂದೇ ಸಲವೋ ನಾನು ಕೇಳಲಿಲ್ಲ. ಮುದುಕ ಬಂದು, ಹತ್ತು ನಿಮಿಷ ಕೂತು, ಎದ್ದು ಹೋಗಿದ್ದ. ಆರೋಪಿ ಗೈರುಹಾಜರು, ಕೇಸು ಐದು ವಾರ ಮುಂದಕ್ಕೆ.

ಆಗಲೂ ಒಂದು ದಾರಿ ಇತ್ತು. ಕೌಂಟರಿನಲ್ಲಿದ್ದ ಗುಮಾಸ್ತ ಇಪ್ಪತ್ತೈದರ ಪ್ರಾಯದ ಒಮಾನಿ, ಮುಖದಲ್ಲಿ ಕರುಣೆ ಇತ್ತು. ಹನೀಫನ ಟಿಕೆಟ್ಟು ನೋಡಿ, ಯಾಕೆ ತಡವಾಯಿತು ಹೇಳಿ, ತಕ್ಕ ಕಾರಣವಿದ್ದರೆ ಒಳಗೆ ಜಡ್ಜಿಯ ಮುಂದೆ ಇಡುತ್ತೇನೆ ಎಂದ. ಹನೀಫ್ ನನ್ನ ಕಡೆ ನೋಡಿದ. ಇವನ ತಪ್ಪಿಲ್ಲ, ಇವನು ಏಳು ಗಂಟೆಯಿಂದ ತಯಾರಿದ್ದ, ಒಂದು ಹಂಚಿನ ಚೂರಿಗಾಗಿ ಇವನನ್ನು ಕಾಯಿಸಿದವನು ನಾನು ಎಂದು ಹೇಳಬೇಕಿತ್ತು. ಅಷ್ಟು ಅರಬಿ ನನಗೆ ಬರುತ್ತಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರುತ್ತಿತ್ತು. ಮುರುಕು ಅರಬಿಯಲ್ಲಿ, ಕೈ ಸನ್ನೆಯಲ್ಲಿ, ಹಿಂದಿಯಲ್ಲಿ ಹೇಳಿದ್ದರೂ ಅವನಿಗೆ ಅರ್ಥವಾಗುತ್ತಿತ್ತು. ಆದರೆ ಹಂಚು ಎಂದರೆ ಅವನು ನಕ್ಕಾನು, ಪಕ್ಕದಲ್ಲಿ ನಿಂತ ನಾಲ್ಕು ಜನ ನಕ್ಕಾರು, ಗಲ್ಲಕ್ಕೆ ಕೈ ಕೊಟ್ಟು ಫೋಟೋ ತೆಗೆಸಿಕೊಂಡ ಲೇಖಕನ ಮಾನ ಹೋದೀತು ಅನ್ನಿಸಿತು.

"ಝಹ್ಮಾ" ಎಂದೆ. ಟ್ರಾಫಿಕ್.

ಆ ಹೈವೇಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಆಡು ಬಿಟ್ಟರೆ ಬೇರೆ ಟ್ರಾಫಿಕ್ ಇರುವುದಿಲ್ಲ. ಗುಮಾಸ್ತನೂ ಅದೇ ದಾರಿಯಲ್ಲಿ ಬಂದವನು. ಒಂದು ಗಳಿಗೆ ನನ್ನ ಮುಖ ನೋಡಿದ, ಕಾಗದದ ಮೇಲೆ ಏನೋ ಬರೆದ, ಠಸ್ಸೆ ಒತ್ತಿದ, ಖಲಾಸ್ ಎಂದ. ಅವನ ಮುಖದ ಕರುಣೆ ಮುಗಿದಿತ್ತು.

ವಾಪಸು ಬರುವಾಗ ಇಡೀ ದಾರಿ ಮಾತಾಡಿದವನು ನಾನೇ. ಈ ದೇಶದ ವ್ಯವಸ್ಥೆಯನ್ನು ಬೈದೆ, ಹತ್ತಕ್ಕೆ ಕರೆಯಬೇಕಾದವರು ಒಂಬತ್ತಕ್ಕೇ ಕರೆದ ಅನ್ಯಾಯವನ್ನು ಬೈದೆ, ಅಧ್ಯಕ್ಷರನ್ನಂತೂ ಬೇಕಾದಷ್ಟು ಬೈದೆ. ಹನೀಫ್ ಇಳಿಯುವಾಗ "ಆಯ್ತು ಅಣ್ಣ" ಎಂದು ಬಾಗಿಲು ಮೆಲ್ಲಗೆ ಹಾಕಿದ.

ಭಾನುವಾರ ಮಧ್ಯಾಹ್ನ ಅವನ ರೂಮಿಗೆ ನಾನಾಗಿಯೇ ಹೋದೆ. ಹೋಗದಿದ್ದರೆ ಹೆಂಡತಿ ಮನೆಯೊಳಗೆ ಸೇರಿಸುವ ಹಾಗಿರಲಿಲ್ಲ. ತರಕಾರಿ ಅಂಗಡಿಯ ಮೇಲೆ, ನಾಲ್ಕು ಮಂಚದ ರೂಮು. ಉಪ್ಪಿನಕಾಯಿಯ ಬಾಟಲಿಗೆ ಫೋನನ್ನು ಒರಗಿಸಿ, ಅದೇ ಬಿಳಿ ಅಂಗಿ ಹಾಕಿ, ತಲೆಗೆ ಟೊಪ್ಪಿ ಇಟ್ಟು ಕೂತಿದ್ದ. ಫೋನಿನಲ್ಲಿ ವಿಟ್ಲದ ಮನೆಯ ಚಪ್ಪರ. ತನ್ನ ಬದಲಿಗೆ ನಿಕಾಹ್ ಮಾಡಿಕೊಡುವ ಅಧಿಕಾರವನ್ನು ಅವನು ಮಸೀದಿಯ ಖತೀಬರಿಗೆ ಫೋನಿನಲ್ಲೇ ಕೊಟ್ಟಿದ್ದ. ಹಾಗೆ ಕೊಡುವುದಕ್ಕೆ ಅವರಲ್ಲಿ ಅವಕಾಶವಿದೆಯಂತೆ. ಖತೀಬರು ಮದುಮಗನ ಬಲಗೈ ಹಿಡಿದು ಅರಬಿಯಲ್ಲಿ ನಿಧಾನ ಹೇಳತೊಡಗಿದರು. ಹನೀಫನ ತುಟಿಯೂ ಜೊತೆಗೇ ಅಲ್ಲಾಡಿತು, ಒಂದು ಅಕ್ಷರ ತಪ್ಪದೆ, ಅವರಿಗಿಂತ ಅರೆಗಳಿಗೆ ಮೊದಲೇ. ಸೋಮವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತು ಅವನು ಗೊಣಗುತ್ತಿದ್ದದ್ದು ಇದನ್ನು. ಮದುಮಗನ ಎದುರು ತಡವರಿಸಬಾರದೆಂದು ಒಂದು ತಿಂಗಳಿಂದ ಪಿಕಪ್ಪಿನಲ್ಲಿ ರೆಕಾರ್ಡಿಂಗ್ ಹಾಕಿ ಹಾಕಿ ಕಲಿತಿದ್ದನಂತೆ. ಅಷ್ಟೆಲ್ಲ ಕಲೀಬೇಕಾಗಿಲ್ಲ ಎಂದು ಹೇಳಿದ್ದು ನಾನು.

ಮುಗಿದ ಮೇಲೆ ಅತ್ತ ಹೆಂಗಸರು ನಸೀಮಾಳನ್ನು ಫೋನಿನ ಮುಂದೆ ತಂದರು. ಅಣ್ಣತಂಗಿ ಇಬ್ಬರೂ ಉಂಡಿಯಾ, ಉಂಡೆ ಎಂದಷ್ಟೇ ಮಾತಾಡಿದರು. ನನಗೆ ಅಲ್ಲಿ ಕೂರಲು ಆಗಲಿಲ್ಲ, ಎದ್ದು ಬರಲೂ ಆಗಲಿಲ್ಲ. ಬಹಳ ನಾಚಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ.

ಐದು ವಾರದ ನಂತರ ಕೇಸು ಎರಡು ನಿಮಿಷದಲ್ಲಿ ಮುಗಿಯಿತು ಎಂದು ಬೇರೆಯವರಿಂದ ತಿಳಿಯಿತು. ಆ ಸಲ ಅವನು ನನ್ನನ್ನು ಕರೆಯಲಿಲ್ಲ. ಬಸಳೆ ಮಾತ್ರ ಮೊದಲಿನ ಹಾಗೆಯೇ ಬರುತ್ತಿತ್ತು.

ಸಂಚಿಕೆ ಹೊರಬಂತು. ಹಂಚಿನ ಚೂರಿಗೆ ಇಡೀ ಬಣ್ಣದ ಪುಟ, ಕೆಳಗೆ ಅಧ್ಯಕ್ಷರ ಎರಡು ಸಾಲಿನ ಕವನ. ಎದುರಿನ ಮೂರು ಪುಟಗಳಲ್ಲಿ ನನ್ನ ಲೇಖನ. ಖಾಜಿಯ ಜಗಲಿ, ಸಾಲಿಂನ ಸಿಮೆಂಟು, ಐದು ಕಮಾನಿನ ಅಳತೆ, ಬಾಗಿಲಿನ ಮೊಳೆಗಳ ಎಣಿಕೆ ಎಲ್ಲವೂ ಇದ್ದವು. ಹಂಚಿನ ಕತೆ ಶುದ್ಧ ಸುಳ್ಳು ಎಂದು ಕೊನೆಯ ಪುಟದಲ್ಲಿ ಆರು ಕಾರಣ ಕೊಟ್ಟು ಸಾಧಿಸಿದ್ದೆ, ಅದನ್ನು ಅಧ್ಯಕ್ಷರು ಓದದೆ ಅಚ್ಚಿಗೆ ಕಳಿಸಿದ್ದರು. ಫೋನು ಮಾಡಿದ ಇಬ್ಬರು ಫೋಟೋ ಚೆನ್ನಾಗಿದೆ ಎಂದರು. ನನ್ನದೋ ಹಂಚಿನದೋ ಕೇಳಲಿಲ್ಲ.

ಒಂದು ಪ್ರತಿಯನ್ನು ಹನೀಫನಿಗೆ ಕೊಡಬೇಕು ಅನ್ನಿಸಿತು. ಕ್ಷಮೆ ಕೇಳುವ ಧೈರ್ಯ ಇಲ್ಲದವರು ಹೀಗೆ ಏನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಅಂಗಡಿಯ ಹಿಂದೆ ಪಿಕಪ್ಪಿಗೆ ಸೌತೆಕಾಯಿಯ ಚೀಲ ಹೇರುತ್ತಿದ್ದ. ಕೈ ಒರೆಸಿಕೊಂಡು, ಚೀಲದ ಮೇಲೆ ಕೂತು, ಮೂರು ಪುಟವನ್ನೂ ಬೆರಳಿಟ್ಟು ಓದಿದ. ಸಂಘದ ಇನ್ನೂರು ಮನೆಗಳಲ್ಲಿ ಅದನ್ನು ಪೂರ್ತಿ ಓದಿದವನು ಬಹುಶಃ ಅವನೊಬ್ಬನೇ.

"ಒಳ್ಳೆದುಂಟು ಅಣ್ಣ" ಎಂದ. ಸಂಚಿಕೆ ಮುಚ್ಚಿ, "ಆ ಹಳೇ ಕೋರ್ಟಲ್ಲಿ ಮೊದಲು ನನ್ನ ಹಾಗೆ ಡೇಟ್ ತಪ್ಪಿದವರು ಇದ್ದಿರ್ಬೇಕಲ್ಲ? ಅವರದ್ದು ಎಲ್ಲಿಯಾದ್ರೂ ಬರೆದಿಡ್ತಾರಾ?" ಎಂದು ಕೇಳಿದ.

ಫೈಲಿನಲ್ಲಿ ಇರುತ್ತದೆ ಎಂದೆ. ಯಾರು ಬರಲಿಲ್ಲ, ಯಾಕೆ ಬರಲಿಲ್ಲ, ಅವತ್ತು ಏನು ಕಾರಣ ಹೇಳಿದರು, ಎಲ್ಲವನ್ನೂ ಬರೆದು ಇಡುತ್ತಾರೆ, ಕೋರ್ಟಿನ ಫೈಲನ್ನು ಯಾರೂ ಬಿಸಾಡುವುದಿಲ್ಲ ಎಂದು ಚರಿತ್ರೆಕಾರನ ಗತ್ತಿನಲ್ಲೇ ವಿವರಿಸಿದೆ.

"ಹಾಗಾದ್ರೆ ನನ್ನ ಫೈಲಲ್ಲಿ ಟ್ರಾಫಿಕ್ ಅಂತ ಉಂಟು."

ವ್ಯಂಗ್ಯವಾಗಿ ಹೇಳಲಿಲ್ಲ, ಅದು ಅವನಿಗೆ ಬರುವುದಿಲ್ಲ. ಗೊತ್ತಿಲ್ಲದ ಒಂದು ವಿಷಯ ಗೊತ್ತಾದವನ ಹಾಗೆ ಹೇಳಿ, ಸಂಚಿಕೆಯನ್ನು ಡ್ರೈವರ್ ಸೀಟಿನ ಮೇಲೆ ಇಟ್ಟು ಮುಂದಿನ ಚೀಲ ಎತ್ತಿದ. ಅಧ್ಯಕ್ಷರ ಸುಳ್ಳು ಸಂಘದ ಪುಸ್ತಕದಲ್ಲಿತ್ತು, ಅದನ್ನು ನಾಳೆ ಯಾರಾದರೂ ರದ್ದಿಗೆ ಹಾಕುತ್ತಾರೆ. ನನ್ನದು ಸರಕಾರದ ಕಡತದಲ್ಲಿ, ಹನೀಫನ ಹೆಸರಿನಲ್ಲಿ, ಠಸ್ಸೆಯ ಕೆಳಗೆ ಕೂತಿದೆ.